ಸೋಮವಾರದ ಮಾತ್ರೆ

ಡಾಕ್ಟರ್ ಅರ್ಪಿತ ಹೆಸರಿಗಷ್ಟೇ ಅರ್ಪಿತ, ಯಾರಿಗೂ ಒಪ್ಪಿತವಲ್ಲ. ಚಿಕ್ಕಯ್ಯನಛತ್ರದ ಮಾದಪ್ಪ ಮೇಷ್ಟ್ರ ಈ ಮಗಳು ಎಂಬಿಬಿಎಸ್ ಮುಗಿಸಿದಾಗ ಊರು ಹಾರ ತಂದಿತ್ತು. ಕಿಡ್ನಿ ಕಸಿಯ ಸಂಶೋಧನೆಗೆ ಸೇರಿದ ಮೇಲೆ ಹಾರ ಹಾಕಿದವರೇ, "ಕಸಿ ಮಾಡೋ ಡಾಕ್ಟ್ರಲ್ಲ ಕಣ್ಲಾ, ಕಸ್ಕೊಳ್ಳೋ ಡಾಕ್ಟ್ರು" ಎಂದರು. ಅವಳು ಬಸ್ಸಿಳಿದರೆ ತಮ್ಮ ಸೊಂಟ ಮುಟ್ಟಿ ನೋಡಿಕೊಳ್ಳುವವರೂ ಇದ್ದರು.

ಅವಳೂ ಕಡಿಮೆಯವಳಲ್ಲ. ಮೈಸೂರಿನ ಆಸ್ಪತ್ರೆಯೊಂದರಲ್ಲಿ ಬೆಳಿಗ್ಗೆ ರೋಗಿಗಳನ್ನು ಬೈದು, ಮಧ್ಯಾಹ್ನ ಲ್ಯಾಬಿನ ಇಲಿಗಳನ್ನು ಮಾತ್ರ ಪ್ರೀತಿಯಿಂದ ಮಾತಾಡಿಸುತ್ತ ಹದಿನಾಲ್ಕು ವರ್ಷ ಕಳೆದಳು. ಹೊಸದಾಗಿ ಇಟ್ಟ ಕಿಡ್ನಿಯನ್ನು ಮೈಯು ಹೊರಗಿನದೆಂದು ಓಡಿಸಲು ನೋಡುತ್ತದೆ. ಅದನ್ನು ತಡೆಯುವ ಮಾತ್ರೆ ಕಡಿಮೆಯಾದರೆ ಮೈಯೇ ಕಿಡ್ನಿಯನ್ನು ಕೊಲ್ಲುತ್ತದೆ, ಹೆಚ್ಚಾದರೆ ಮಾತ್ರೆ ಕೊಲ್ಲುತ್ತದೆ. ಯಾರಿಗೆ ಎಷ್ಟು ಬೇಕು ಎಂಬುದೇ ಅವಳ ಸಂಶೋಧನೆ. ವಿಭಾಗದ ಮುಖ್ಯಸ್ಥ ಡಾಕ್ಟರ್ ಹೇಮಂತ್ ಮೀಟಿಂಗಿನಲ್ಲಿ ಎಲ್ಲರೆದುರು, "ನಿಮ್ಮದು ಸಂಶೋಧನೆಯೋ ಸಂಶಯವೋ?" ಎಂದು ಕೇಳುತ್ತಿದ್ದರು.

ಅವಳ ರೋಗಿಗಳಲ್ಲೊಬ್ಬ ತಾಂಡವಪುರದ ಹಿಟ್ಟಿನ ಗಿರಣಿಯ ಚಿಕ್ಕಬಸಪ್ಪ. ಅವನಿಗೆ ಕಿಡ್ನಿ ಕೊಟ್ಟವಳು ಮುಡುಕುತೊರೆಗೆ ಮದುವೆಯಾಗಿ ಹೋದ ಅಕ್ಕ ಮಂಗಳಮ್ಮ. ಆ ತಪ್ಪಿಗೆ ಗಂಡನ ಮನೆಯವರು ಮೂರು ತಿಂಗಳು ಅವಳ ಜೊತೆ ಮಾತು ಬಿಟ್ಟಿದ್ದರು. ಎರಡನೇ ವರ್ಷಕ್ಕೆ ಆ ಕಿಡ್ನಿ ಕೆಡತೊಡಗಿತು. ಮಂಗಳವಾರದ ಕ್ಲಿನಿಕ್ಕಿನಲ್ಲಿ ರಕ್ತ ನೋಡಿದಾಗಲೆಲ್ಲ ಮಾತ್ರೆಯ ಅಂಶ ಕಡಿಮೆ. ಅರ್ಪಿತ ಡೋಸ್ ಏರಿಸಿದಳು. ಮತ್ತೆ ಕಡಿಮೆ. ಮತ್ತೆ ಏರಿಸಿದಳು. ಕಿಡ್ನಿ ಇನ್ನಷ್ಟು ಕೆಟ್ಟಿತು.

"ಇವನು ಮಾತ್ರೆ ನುಂಗಲ್ಲ," ಎಂದರು ಹೇಮಂತ್. "ರೋಗಿಯ ಬೇಜವಾಬ್ದಾರಿ ಅಂತ ಬರೆದು ಫೈಲ್ ಮುಚ್ಚಿ."

ಅರ್ಪಿತಳಿಗೂ ಹಾಗೇ ಅನ್ನಿಸಿತ್ತು. ಆದರೆ ಕಳ್ಳನನ್ನು ತಾನೇ ಹಿಡಿಯಬೇಕೆಂಬ ಹಟ. ಒಂದು ಗುರುವಾರ ಹೇಳದೆ ಕೇಳದೆ ತಾಂಡವಪುರದ ಅವನ ಮನೆಗೆ ಹೋದಳು. ಮಂಗಳಮ್ಮನೂ ಅಲ್ಲೇ ಇದ್ದಳು. ಕೂತ್ಕೊಳ್ಳಿ ಎಂದು ಯಾರೂ ಅನ್ನಲಿಲ್ಲ, ಅರ್ಪಿತಳೂ ಕಾಯಲಿಲ್ಲ. ಮಾತ್ರೆ ಡಬ್ಬಿಯನ್ನು ಮಂಚದ ಮೇಲೆ ಸುರಿದು ಎಣಿಸಿದಳು.

"ಎಂಟು ವಾರಕ್ಕೆ ಎಂಟು ಹೊತ್ತಿನ ಮಾತ್ರೆ ಹೆಚ್ಚಿಗೆ ಉಳಿದಿದೆ. ಅಕ್ಕನ ಕಿಡ್ನಿ ಬಿಟ್ಟಿ ಬಂತು ಅಂತಲಾ?"

"ನಾನೇನ್ ಕಳ್ನಾ ಮೇಡಂ? ಅವು ಸೋಮ್ವಾರದ್ವು."

"ಸೋಮವಾರ ಏನು?"

"ಒಪ್ಪತ್ತಲ್ವಾ! ನಂಜುಂಡೇಶ್ವರನ ವಾರ. ಪೂಜೆ ಆದ್ಮೇಲೆ ಒಂದೇ ಊಟ. ಎಲ್ಡು ಹೊತ್ತೂ ಊಟ ಆದ್ಮೇಲೆ ನುಂಗಿ ಅಂತ ನೀವೇ ಬರ್ದಿದೀರಿ. ಒಂದ್ಸಲ ಉಣ್ಣೋನು ಎಲ್ಡು ಸಲ ಯಂಗ್ ನುಂಗ್ಲಿ?"

ಚೀಟಿ ಗೋಡೆಯ ಮೇಲೇ ಅಂಟಿತ್ತು, ಅವಳದೇ ಕೈಬರಹ. ಗಡಿಯಾರಕ್ಕೆ ಕಟ್ಟಬೇಕಾದ ಮಾತ್ರೆಯನ್ನು ಅವಳು ಊಟದ ತಟ್ಟೆಗೆ ಕಟ್ಟಿದ್ದಳು. ಸೋಮವಾರ ಅರ್ಧ ನುಂಗಿದವನ ರಕ್ತದಲ್ಲಿ ಮಂಗಳವಾರ ಪೂರ್ತಿ ಎಲ್ಲಿಂದ ಬರಬೇಕು? ಆ ಒಂದು ದಿನದ ರಕ್ತ ನೋಡಿ ಏರಿಸಿದ ಡೋಸು ಮಿಕ್ಕ ದಿನವೆಲ್ಲ ಕಿಡ್ನಿಯನ್ನು ತಿನ್ನುತ್ತಿತ್ತು. ಚಿಕ್ಕಯ್ಯನಛತ್ರದಲ್ಲಿ ಅವಳ ತಾಯಿಯೂ ನಲವತ್ತು ವರ್ಷದಿಂದ ಸೋಮವಾರ ಒಪ್ಪತ್ತು. ಇಲಿಗಳ ಊಟದ ವೇಳೆ ಬಾಯಿಪಾಠವಿದ್ದವಳಿಗೆ ಇದು ಹೊಳೆದಿರಲಿಲ್ಲ.

"ತಪ್ಪು ನಂದು," ಎಂದಳು. ಅಭ್ಯಾಸವಿಲ್ಲದ್ದರಿಂದ ಅದೂ ಬೈಗುಳದಂತೆಯೇ ಕೇಳಿಸಿತು.

ಮಂಗಳಮ್ಮ ಎದ್ದಳು. "ಅವ್ನ್ ಮೇಲೆ ಕೂಗಾಡ್ದಲ್ಲ, ಈಗ ನಿನ್ ಮೇಲೆ ಯಾರವ್ವ ಕೂಗೋರು? ನನ್ ಮೈಲಿದ್ದಿದ್ನ ಕಿತ್ತು ಕೊಟ್ಟೆ, ಪಕ್ಕದೂರ್ ಮೇಷ್ಟ್ರ ಮಗ್ಳು, ನಮ್ಮೋಳು ಅಂತ ನಂಬ್ಕೊಂಡು. ನಿಮ್ಮವ್ವ ಸೋಮ್ವಾರ ಉಣ್ಣಕಿಲ್ಲ ಅಂತ ನಿಂಗೊತ್ತಿರ್ನಿಲ್ವಾ?"

ಅರ್ಪಿತ ಗೋಡೆಯ ಚೀಟಿ ಕಿತ್ತು, ಡೋಸ್ ಇಳಿಸಿ, ಹೊಸದು ಬರೆದಳು: ಬೆಳಿಗ್ಗೆ ಎಂಟು, ರಾತ್ರಿ ಎಂಟು, ಉಂಡರೂ ಉಣ್ಣದಿದ್ದರೂ. ಮಂಗಳಮ್ಮ ಅದನ್ನು ಕಸಿದು ಎರಡು ತುಂಡು ಮಾಡಿದಳು. "ನೀ ಬರ್ದಿದ್ದು ಸಾಕು. ಬಾಯಲ್ಲಿ ಯೋಳು."

ಮರುದಿನ ಅವಳು ಹೇಳಿದ್ದು ಕೇಳಿ ಹೇಮಂತ್, "ಇದನ್ನ ಸಂಶೋಧನಾ ಪ್ರಬಂಧದಲ್ಲಿ ಹಾಕಿದ್ರೆ ಆಸ್ಪತ್ರೆ ಮಾನ ಹೋಗುತ್ತೆ. ಬೇಜವಾಬ್ದಾರಿ ಅಂತಲೇ ಇರಲಿ," ಎಂದರು. ಅವಳು ತನ್ನ ಅರವತ್ತೊಂದು ರೋಗಿಗಳಿಗೂ ಫೋನ್ ಮಾಡಿ ವಾರದಲ್ಲಿ ಯಾವ ದಿನ ಉಣ್ಣುವುದಿಲ್ಲವೆಂದು ಕೇಳಿದಳು. ಸೋಮವಾರದವರು ಹದಿನೇಳು, ಶನಿವಾರದವರು ಆರು. ಕೆಲವರು, "ನಮ್ಮೂಟದ್ ಇಚಾರ ನಿಂಗ್ಯಾಕವ್ವ?" ಎಂದು ಫೋನಿಟ್ಟರು. ಪ್ರಬಂಧದಲ್ಲಿ, ಚೀಟಿ ಬರೆದವಳು ನಾನೇ ಎಂದು ಬರೆದಳು. ಹೇಮಂತ್ ತಮ್ಮ ಹೆಸರು ತೆಗೆಸಿದರು. ಆ ಪ್ರಬಂಧಕ್ಕೆ ಅವರು ಮಾಡಿದ ಸಹಾಯ ಅದೊಂದೇ.

ಕೆಟ್ಟಷ್ಟು ಕೆಟ್ಟಿತ್ತು, ಅದು ಮರಳಲಿಲ್ಲ. ಆದರೆ ಮೂರು ತಿಂಗಳಿಗೆ ಕಿಡ್ನಿ ಕೆಡುವುದು ನಿಂತಿತು. ಈಗ ದಿನಕ್ಕೆರಡು ಸಲ, ಎಂಟಕ್ಕೆ ಸರಿಯಾಗಿ, ಮಂಗಳಮ್ಮ ಮುಡುಕುತೊರೆಯಿಂದ ತಮ್ಮನಿಗೆ ಫೋನ್ ಮಾಡಿ "ನುಂಗ್ದೇನ್ಲಾ?" ಎನ್ನುತ್ತಾಳೆ. ಗುಟುಕಿನ ಸದ್ದು ಕೇಳಿಸಬೇಕು. ಐದು ನಿಮಿಷಕ್ಕೆ ಡಾಕ್ಟರಿಗೆ ಇನ್ನೊಂದು ಫೋನ್.

"ನುಂಗವ್ನೆ. ಬರ್ಕೋ."

ಅರ್ಪಿತ ಬರೆದುಕೊಳ್ಳುತ್ತಾಳೆ. ಚೆನ್ನಾಗಿದ್ದೀಯಾ ಎಂದು ಇಬ್ಬರಲ್ಲಿ ಒಬ್ಬರೂ ಈವರೆಗೆ ಕೇಳಿಲ್ಲ.