ನಿಂತ ಬಸ್ಸಿಗೆ ಮದ್ದೂರಿನ ಅಸದುಲ್ಲಾ

ಬೆಳಕು ಹರಿಯುವ ಹೊತ್ತು. ಮಳವಳ್ಳಿಯಿಂದ ಮಂಡ್ಯಕ್ಕೆ ಹೊರಟ ಸರ್ವೀಸು ಬಸ್ಸು ಮದ್ದೂರಿನ ಅಂಚಿನಲ್ಲಿ ಕೆಮ್ಮಿ ಕೆಮ್ಮಿ ನಿಂತುಬಿಟ್ಟಿದೆ. ಇಂಜಿನ್ ಚಾಲೂ ಮಾಡಲು ಡ್ರೈವರ್ ಅಂಕಯ್ಯ ಮುಂದಿನ ಹ್ಯಾಂಡಲ್ ತಿರುಗಿಸಿ ತಿರುಗಿಸಿ ಬೆವೆತಿದ್ದಾರೆ. ಒಳಗೆ ಹೆರಿಗೆ ಬೇನೆ ತಿನ್ನುತ್ತಿರುವ ಮುದ್ದಮ್ಮ, ಪಕ್ಕದಲ್ಲಿ ಗಂಡ ಲಿಂಗಯ್ಯ. ಮಗು ಅಡ್ಡ ತಿರುಗಿದೆ, ಮಂಡ್ಯದ ಆಸ್ಪತ್ರೆಗೇ ಒಯ್ಯಿರಿ ಎಂದು ಊರಿನ ಸೂಲಗಿತ್ತಿ ಕೈಚೆಲ್ಲಿದ್ದಾಳೆ.

ಸುದ್ದಿ ತಿಳಿದು, ರಿಪೇರಿ ಸಾಮಾನಿನ ಚೀಲ ಹಿಡಿದು ಮದ್ದೂರಿನ ಮೆಕ್ಯಾನಿಕ್ ಅಸದುಲ್ಲಾ ಬರುತ್ತಾರೆ.

"ಸಾಬ್ರೆ, ಬಿರ್ನೆ ಏನಾರ ಮಾಡಿ," ಎಂದು ಲಿಂಗಯ್ಯ ಕೈಮುಗಿಯುತ್ತಾರೆ.

"ಮಾಡ್ತೀನಿ ಕಣಪ್ಪ. ಲೇ ಅಂಕಯ್ಯ, ಆ ಹ್ಯಾಂಡ್ಲು ಬುಡ್ಲಾ. ಯಾಕ್ ನಿಂತದೆ ಅಂತ ತಿಳೀದೆ ಸುಮ್ಕೆ ತಿರುಗಿಸ್ಬ್ಯಾಡ."

ಅಸದುಲ್ಲಾ ಮೊದಲು ಜಟಕಾ ಚಕ್ರಗಳಿಗೆ ಕಬ್ಬಿಣದ ಪಟ್ಟಿ ಹಾಕುತ್ತಿದ್ದವರು. ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಶುರುವಾಗಿ ರಸ್ತೆಗೆ ಬಸ್ಸು, ಲಾರಿ ಹೆಚ್ಚಿದಾಗ ಆ ಕೆಲಸ ಬತ್ತಿತು. ಮೈಸೂರಿಗೆ ಹೋಗಿ ಈ ಮೋಟಾರು ರಿಪೇರಿ ಕಸುಬು ಕಲಿತರು. ಒಮ್ಮೆ ಕಾರಣ ನೋಡದೆ ತಿರುಗಿಸಿದ ಹ್ಯಾಂಡಲ್ ಹಿಂದಕ್ಕೆ ಒದ್ದು ಬಲ ಮಣಿಕಟ್ಟು ಮುರಿಯಿತು. ಮೂಳೆ ಸೊಟ್ಟಗೇ ಕೂಡಿಕೊಂಡಿದೆ. ಆದರೂ ದಿನಕ್ಕೆ ಎರಡು ಮೂರು ಗಾಡಿ ನೋಡುತ್ತಾರೆ. ಅಂದಿನಿಂದ ಒಂದೇ ಪದ್ಧತಿ: ಮೊದಲು ಕಾರಣ, ಆಮೇಲೆ ಹ್ಯಾಂಡಲ್.

ಪ್ಲಗ್ಗಿನ ತಂತಿ ಬಿಚ್ಚಿ ಇಂಜಿನ್ನಿನ ಹತ್ತಿರ ಹಿಡಿಯುತ್ತಾರೆ. "ಒಂದ್ಸುತ್ತು ಮಾತ್ರ ತಿರುಗ್ಸು." ನೀಲಿ ಕಿಡಿ ಹಾರುತ್ತದೆ. "ಕಿಡಿ ಚೆಂದಾಗದೆ." ಪೆಟ್ರೋಲಿನ ಪೈಪು ಸಡಿಲಿಸಿದರೆ ನಾಲ್ಕು ಹನಿ ಉದುರಿ ನಿಲ್ಲುತ್ತದೆ.

"ನೆನ್ನೆ ಸಂಜೇನೆ ಟ್ಯಾಂಕ್ ತುಂಬ್ಸಿವ್ನಿ ಕಣಣ್ಣ," ಎನ್ನುತ್ತಾರೆ ಅಂಕಯ್ಯ.

ಅಸದುಲ್ಲಾ ಟ್ಯಾಂಕಿನ ಮುಚ್ಚಳ ತಿರುವುತ್ತಾರೆ. ಉಸ್ಸೆಂದು ಗಾಳಿ ಒಳನುಗ್ಗುತ್ತದೆ. ಪೈಪಿನಿಂದ ಪೆಟ್ರೋಲು ಸುರಿಯುತ್ತದೆ. ಮುಚ್ಚಳದ ಸಣ್ಣ ತೂತಿಗೆ ಕೆಸರು ಮೆತ್ತಿ ಒಣಗಿದೆ.

"ಗಾಳಿ ಒಳಕ್ಕೆ ಓಗ್ದಿದ್ರೆ ಪೆಟ್ರೋಲು ಈಚೆಗೆ ಎಂಗ್ ಬಂದಾತು?" ಎನ್ನುತ್ತ ತಂತಿಯಿಂದ ತೂತು ಬಿಡಿಸಿ, ಪೈಪು ಬಿಗಿಯುತ್ತಾರೆ. "ಈಗ ತಿರುಗ್ಸು."

ಬಸ್ಸು ಗುಡುಗುತ್ತದೆ.

"ನಿಮ್ಮೊಟ್ಟೆ ತಣ್ಣಗಿರ್ಲಿ ಸಾಬ್ರೆ," ಎನ್ನುತ್ತಾರೆ ಮುದ್ದಮ್ಮ, ಹಲ್ಲು ಕಚ್ಚಿಕೊಂಡೇ.

"ಗುಂಡಿ ತಪ್ಸಿ ಓಡ್ಸಲಾ," ಎಂದು ಅಸದುಲ್ಲಾ ಕೂಗುತ್ತಾರೆ. ಬಸ್ಸು ಮರೆಯಾಗುವವರೆಗೂ ರಸ್ತೆ ಬಿಟ್ಟು ಕದಲುವುದಿಲ್ಲ.

ಮಧ್ಯಾಹ್ನ ಮರಳಿದ ಅಂಕಯ್ಯ ದೂರದಿಂದಲೇ ಕೂಗುತ್ತಾರೆ: "ಎಣ್ಮಗು ಕಣಣ್ಣ! ತಾಯಿ ಮಗು ಇಬ್ರೂ ಚೆಂದಾಗವ್ರೆ."

ಅಸದುಲ್ಲಾ ನಗುತ್ತ ಕೈಯ ಎಣ್ಣೆ ಒರೆಸಿಕೊಳ್ಳುತ್ತಾರೆ. ನಿಮಗೇನು ಆಸೆ ಎಂದು ನಾನು ಕೇಳಿದರೆ ನಾಚಿಕೊಳ್ಳುತ್ತಾರೆ.

"ನಮ್ಮನೆಯವ್ಳು ಅಜೀಜಾ ಇನ್ನೂ ಬಸ್ಸು ಅತ್ತಿಲ್ಲ. ನಾನು ಅತ್ತಿರೋದೆಲ್ಲ ಕೆಟ್ಟೋಗಿರೋವೇ. ಇಬ್ರೂ ಒಂದ್ಸಲ ಮೈಸೂರ್ಗಂಟ ಓಗ್ಬೇಕು ಸ್ವಾಮಿ. ದಾರೀಲಿ ಎಲ್ಲೂ ನಿಲ್ಬಾರ್ದು. ನಿಂತ್ರೂ ನನ್ನ ಯಾರೂ ಕರೀಬಾರ್ದು."