ನಾನು ಓಡಿಸಿದಾಗ ಮಾತ್ರ ಕೆಡುತ್ತಿದ್ದ ಕಾರು

ನನ್ನ ಬಲಗಾಲಿಗೆ ಚಿಕ್ಕಂದಿನಿಂದಲೂ ಬಲವಿಲ್ಲ. ರಾಯದುರ್ಗದಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಪ್ಯಾಂಟು ಹೊಲಿಯುವ ನಾನು ನಲವತ್ತು ದಾಟಿದ ಮೇಲೆ ಕಾರು ಕಲಿತೆ. ಗೇರು ತಾನಾಗಿ ಬದಲಾಗುವ ಹಳೆಯ ಕಾರೊಂದನ್ನು ಕೊಂಡು, ಬಳ್ಳಾರಿಯಲ್ಲಿ ಅದಕ್ಕೊಂದು ಕೈಹಿಡಿ ಹಾಕಿಸಿದೆವು. ಸ್ಟೇರಿಂಗಿನ ಪಕ್ಕದ ಆ ಹಿಡಿಯನ್ನು ಮುಂದಕ್ಕೆ ತಳ್ಳಿದರೆ ಬ್ರೇಕು, ನನ್ನ ಕಡೆಗೆ ಎಳೆದರೆ ಆಕ್ಸಿಲರೇಟರು. ಹಿಡಿಯಿಂದ ಕೆಳಗಿನ ಪೆಡಲುಗಳಿಗೆ ಎರಡು ಕಬ್ಬಿಣದ ಸರಳುಗಳಿವೆ. ಬೇರೆಯವರು ಕಾಲಿನಿಂದ ಓಡಿಸುವಾಗ ಒಂದು ಪಿನ್ನು ಕಿತ್ತು ಅವನ್ನು ಬಿಚ್ಚಿಡಬಹುದು.

ಮಡಕಶಿರಾದ ಹತ್ತಿರ ಅಕ್ಕನ ಮನೆ. ಮೊದಲೆಲ್ಲ ಯಾರದಾದರೂ ಬಿಡುವು ನೋಡಿಕೊಂಡು ಅಲ್ಲಿಗೆ ಹೋಗಬೇಕಿತ್ತು. ಕಾರು ಬಂದ ಮೇಲೆ ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾನೇ ಹೊರಡುತ್ತಿದ್ದೆ. ಅವರಿಗೆ ಬೈಕು ಬಿಟ್ಟರೆ ಬೇರೇನೂ ಓಡಿಸಲು ಬರುವುದಿಲ್ಲ. ಆ ಸೀಟಿನಲ್ಲಿ ಕೂತು ಅವರು ಕಡಲೆಕಾಯಿ ಸುಲಿಯುವುದನ್ನು ನೋಡಿದರೆ ನನಗೆ ಒಳಗೊಳಗೇ ಖುಷಿ.

ಒಂದು ದಿನ ಗುಮ್ಮಘಟ್ಟದ ಬಳಿ ಕುರಿಮಂದೆ ದಾಟಿದ ಮೇಲೆ ಹಿಡಿಯನ್ನು ಪೂರ್ತಿ ಎಳೆದೆ. ಕಾರು ಗುಳಿಯೊಂದರಲ್ಲಿ ಕುಕ್ಕಿತು, ಮುಂದಿನ ಗಾಜಿನ ಕೆಳಗೆ ಹಳದಿ ದೀಪ ಹತ್ತಿತು, ಎಂಜಿನ್ನು ಸೋತುಹೋಯಿತು. ಎಷ್ಟು ಎಳೆದರೂ ನಡಿಗೆಯ ವೇಗ. ಹಿಂದಿನಿಂದ ಬಂದ ಶೇರ್ ಆಟೋ ನಮ್ಮನ್ನು ದಾಟಿತು. ಅದರಲ್ಲಿ ತೂಗಾಡುತ್ತಿದ್ದವರೆಲ್ಲ ತಿರುಗಿ ನೋಡಿದರು. ಬದಿಗೆ ನಿಲ್ಲಿಸಿ, ಕೀಲಿ ತೆಗೆದು ಮತ್ತೆ ಹಾಕಿದರೆ ಏನೂ ಆಗೇ ಇಲ್ಲವೆಂಬಂತೆ ಹೊರಟಿತು.

ನಮ್ಮೂರಿನ ಮೆಕ್ಯಾನಿಕ್ಕು ಒಂದು ಸಣ್ಣ ಯಂತ್ರ ಸಿಕ್ಕಿಸಿ ಓದಿದ. ಪೆಡಲನ್ನು ಎಷ್ಟು ಒತ್ತಿದ್ದೇವೆ ಎಂದು ಎಂಜಿನ್ನಿಗೆ ತಿಳಿಸುವ ಸೆನ್ಸಾರು ಕೆಟ್ಟಿದೆ ಎಂದು ಹೊಸದು ಹಾಕಿದ. ಎಂಟು ದಿನಕ್ಕೆ ಮತ್ತೆ ಅದೇ ಕತೆ. ಆತ ಕಾರನ್ನು ಬಳ್ಳಾರಿ ರಸ್ತೆಯಲ್ಲಿ ಡಿ. ಹಿರೇಹಾಳ್ ತನಕ ಓಡಿಸಿಕೊಂಡು ಬಂದ.

"ಗಾಡಿ ಬಾಳ ಚಲೋ ಐತ್ರಿ ಅಕ್ಕಾರ. ಒಂದ್ ಸಲಾನೂ ಕೆಡಲಿಲ್ಲ."

"ಮತ್ತ ನನಗ್ಯಾಕ ಕೆಡತೈತಿ?"

ಆತ ಕೈಹಿಡಿಯ ಕಡೆ ನೋಡಿದ. "ನೀವು ಜೋರಾಗಿ ಎಳಿತೀರೇನೋ ರಿ" ಎಂದ.

ನನಗೆ ಸಿಟ್ಟು ಬಂತು. ಆದರೆ ಆತ ಇನ್ನೆರಡು ಸಲ ಓಡಿಸಿ ನೋಡಿದಾಗಲೂ ಕಾರು ಸರಿಯಾಗಿಯೇ ಇತ್ತು. ಆಮೇಲೆ ಅಳತೆ ಬರೆಯುವ ನನ್ನ ಪುಸ್ತಕದ ಹಿಂದಿನ ಹಾಳೆಯಲ್ಲಿ ಪ್ರತಿ ಸಲವೂ ಗುರುತು ಹಾಕತೊಡಗಿದೆ. ಎಲ್ಲಿ ಕೆಟ್ಟಿತು, ರಸ್ತೆ ಹೇಗಿತ್ತು, ಹಿಡಿ ಎಷ್ಟು ಎಳೆದಿದ್ದೆ. ಆರು ಸಲದ ನಂತರ ಒಂದು ವಿಷಯ ಸ್ಪಷ್ಟವಾಯಿತು. ಆರೂ ಸಲ ಹಿಡಿಯನ್ನು ಪೂರ್ತಿ ಎಳೆದಿದ್ದೆ, ಆರೂ ಸಲ ರಸ್ತೆ ಕೆಟ್ಟಿತ್ತು.

ಅದೇ ಪುಸ್ತಕ ಹಿಡಿದು ಗಂಡನೊಂದಿಗೆ ಅಕ್ಕನ ಊರಿಗೆ ಹೋದೆ. ದಾರಿಯಲ್ಲಿ ಎರಡು ಸಲ ಕಾರು ಸೋತಿತು. ಅಲ್ಲಿ ಅಕ್ಕನ ಹಿಪ್ಪುನೇರಳೆ ತೋಟದ ಬೋರಿನ ಮೋಟಾರು ಪೆಟ್ಟಿಗೆ ರಿಪೇರಿಗೆ ಒಬ್ಬರು ಮುದುಕರು ಬಂದಿದ್ದರು. ಸುತ್ತಲಿನ ಊರುಗಳ ಮೋಟಾರುಗಳಿಗೆಲ್ಲ ಅವರೇ ವೈದ್ಯರು. ಕಾರು ಅವರ ಕಸುಬಲ್ಲ. ಆದರೂ ಪುಸ್ತಕವನ್ನು ಎರಡು ಸಲ ಓದಿ ಕೇಳಿದರು.

"ನಿಮ್ ಮೆಕ್ಯಾನಿಕ್ಕು ಓಡ್ಸುವಾಗ ಈ ಸರಳು ಹಾಕಿದ್ನಾ, ಬಿಚ್ಚಿದ್ನಾ?"

"ಬಿಚ್ಚಿದ್ದ ರಿ" ಎಂದೆ. ಕೈಯಲ್ಲಿ ಓಡಿಸಲು ಬಾರದ ಆತ ಪ್ರತಿ ಸಲವೂ ಮೊದಲು ಪಿನ್ನು ಕೀಳುತ್ತಿದ್ದ. ಅದನ್ನು ಕಣ್ಣಾರೆ ನೋಡಿದ್ದರೂ ನನಗೆ ಹೊಳೆದಿರಲಿಲ್ಲ.

"ಹಂಗಾರೆ ಏನೂ ಬಿಚ್ಚಬ್ಯಾಡ. ನೀನ್ ಕೂತ್ಕಂಡು ಎಳಿ, ನಾನ್ ನೋಡ್ತೀನಿ" ಎಂದು ಅವರು ತಲೆಕೆಳಗಾಗಿ ಪೆಡಲುಗಳ ಸಂದಿಗೆ ನುಗ್ಗಿದರು. ಬಾಗಿಲಿನಿಂದ ಎರಡು ಕಾಲು ಮಾತ್ರ ಹೊರಗಿದ್ದವು. ಕಾಫಿ ತಂದ ಅಕ್ಕ ಲೋಟ ಯಾರ ಕೈಗೆ ಕೊಡುವುದೆಂದು ತಿಳಿಯದೆ ನಗುತ್ತಾ ನಿಂತಳು.

ಎಂಜಿನ್ನು ಆರಿಸಿ, ಕೀಲಿ ಮಾತ್ರ ತಿರುಗಿಸಿಟ್ಟು, ಸೆನ್ಸಾರಿನ ತಂತಿಗೆ ಅವರು ತಮ್ಮ ಮುಳ್ಳಿನ ಮೀಟರು ಸಿಕ್ಕಿಸಿದ್ದರು. ನಾನು ಹಿಡಿ ಎಳೆದಂತೆ ಮುಳ್ಳು ಮೆಲ್ಲಗೆ ಏರಿತು.

"ಇನ್ನೂ ಎಳಿ. ಪೂರ್ತಿ ಎಳಿಯವ್ವ. ಯಾರಾರ ಗಾಡಿ ಅಳ್ಳಾಡ್ಸಿ."

ನನ್ನ ಗಂಡ ಹಿಂದಿನಿಂದ ಕಾರನ್ನು ಕುಲುಕಿದರು. ಮುಳ್ಳು ಥಟ್ಟನೆ ಸೊನ್ನೆಗೆ ಬಿತ್ತು.

"ಸಿಕ್ತು" ಎಂದಿತು ಕೆಳಗಿನ ದನಿ.

ಹಿಡಿಯನ್ನು ಪೂರ್ತಿ ಎಳೆದಾಗ ಕಬ್ಬಿಣದ ಸರಳಿನ ತುದಿ ಸೆನ್ಸಾರಿಗೆ ಹೋಗುವ ತಂತಿಗಳ ಕಟ್ಟನ್ನು ಒತ್ತುತ್ತಿತ್ತು. ಆದರೆ ಮೇಲಿನ ಪ್ಲಾಸ್ಟಿಕ್ಕಿನಲ್ಲಿ ಒಂದು ಗೀರೂ ಇರಲಿಲ್ಲ. ಒಳಗೆ ಎಲ್ಲಿ ತಾಮ್ರ ತುಂಡಾಗಿದೆಯೆಂದು ಮುದುಕರು ಹಿಸುಕಿ ನೋಡಿ ಬೇಸತ್ತರು.

"ನನ್ ಬೆಳ್ಳು ಒರಟಾಗೋಗವೆ. ಬಟ್ಟೆ ಹೊಲಿಯೋಳು ನೀನು, ನೋಡು."

ನಾನು ಬಾಗಿಲ ಬಳಿ ನೆಲದ ಮೇಲೆ ಕೂತು, ಕಣ್ಣು ಮುಚ್ಚಿ, ಒಂದೊಂದೇ ತಂತಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಎಳೆಯುತ್ತಾ ಹೋದೆ. ಸೊಂಟಪಟ್ಟಿಯೊಳಗೆ ಮುರಿದು ಉಳಿದ ಸೂಜಿಮೊನೆಯನ್ನು ಹುಡುಕುವುದೂ ಹೀಗೆಯೇ. ನಾಲ್ಕನೆಯ ತಂತಿಯಲ್ಲಿ ಕಾಳಿನಷ್ಟು ಜಾಗ ಮೆತ್ತಗೆ ಬಾಗಿತು. ಅಲ್ಲಿ ಕತ್ತರಿಸಿದರೆ ತಾಮ್ರ ಎರಡು ತುಂಡಾಗಿ ಕಪ್ಪಾಗಿತ್ತು. ಆ ತುದಿಗಳು ಒಂದಕ್ಕೊಂದು ತಾಗಿದ್ದಷ್ಟು ಹೊತ್ತು ಮಾತ್ರ ಕಾರು ಸರಿಯಾಗಿ ಓಡುತ್ತಿತ್ತು.

ಮುದುಕರು ಆ ಭಾಗ ತೆಗೆದು, ಸ್ವಲ್ಪ ಉದ್ದನೆಯ ಹೊಸ ತಂತಿ ಬೆಸೆದು, ಇಡೀ ಕಟ್ಟನ್ನು ಸರಳಿಗೆ ಎಟುಕದಂತೆ ಮೇಲೆ ಬಿಗಿದರು. ನಾವು ನಾಲ್ವರೂ ಹತ್ತಿ ಹೇಮಾವತಿ ಎಂಬ ಊರಿನ ತನಕ ಹೋದೆವು. ಗುಳಿ ಕಂಡಲ್ಲೆಲ್ಲ ಮುದುಕರು "ಇದ್ರಾಗೂ ಇಳ್ಸು" ಎನ್ನುತ್ತಿದ್ದರು. ಅಕ್ಕ ಸೀಟು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಹಳದಿ ದೀಪ ಹತ್ತಲಿಲ್ಲ. ಬಂದದ್ದು ಬಂದೆವೆಂದು ಅಲ್ಲಿನ ಗುಡಿಯ ಸಿದ್ಧೇಶ್ವರನಿಗೆ ಕೈಮುಗಿದು ಹಿಂತಿರುಗಿದೆವು.

ರಾಯದುರ್ಗಕ್ಕೆ ಬಂದ ಮೇಲೆ ಮೆಕ್ಯಾನಿಕ್ಕಿಗೆ ಎಲ್ಲವನ್ನೂ ಹೇಳಿದೆ. ಆತ ಕೆಳಗೆ ಬಗ್ಗಿ ಹೊಸ ಬೆಸುಗೆ ನೋಡಿದ, ಸರಳು ನೋಡಿದ, ತಲೆ ಕೆರೆದುಕೊಂಡ.

"ತಪ್ಪು ನಂದೇ ರಿ. ಕೈಲಿ ಓಡಿಸೋದು ನನಗೂ ಕಲಿಸ್ರಿ ಅಕ್ಕಾರ."

ಮರುದಿನ ಬೆಳಿಗ್ಗೆ ಊರಾಚೆಯ ಬಯಲಿಗೆ ಹೋದೆವು. ಇಷ್ಟು ವರ್ಷ ಕಾರುಗಳೊಂದಿಗೇ ಬದುಕಿದ ಆತ ಬ್ರೇಕಿಗೆ ಎಳೆದ, ವೇಗಕ್ಕೆ ತಳ್ಳಿದ. ಕಾರು ಮೊಲದಂತೆ ಕುಪ್ಪಳಿಸಿತು. ಹಿಂದೆ ಕೂತಿದ್ದ ನನ್ನ ಗಂಡ ಮೂರನೆಯ ಸುತ್ತಿಗೇ ಇಳಿದುಬಿಟ್ಟರು. ನಾನು ಮಾತ್ರ ಪಕ್ಕದಲ್ಲೇ ಕೂತು, "ಮೆತ್ತಗ, ಮೆತ್ತಗ ಎಳೀರಿ" ಎಂದು ಹೇಳಿಕೊಡುತ್ತಿದ್ದೆ.