ಕಾಯ್ದೆ ಓದಿದ ನಾನು, ಕದಲದ ಮಲ್ಲಕ್ಕ

ನನಗೆ ಶಾಲೆ ಕಲಿಸಿದ್ದು ನಾಲ್ಕೇ ವರ್ಷ. ಉಳಿದದ್ದನ್ನೆಲ್ಲ ಸಾಮಾನು ಕಟ್ಟಿಕೊಡುವ ಹಳೆಯ ಪೇಪರು ಕಲಿಸಿತು. ಅಣ್ಣಿಗೇರಿಯ ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ ಮೂವತ್ತೆರಡು ವರ್ಷದಿಂದ ಹಗ್ಗ, ಮೂಗುದಾರ, ಬಾರಕೋಲು ಮಾರುತ್ತಿದ್ದೇನೆ. ಎತ್ತು ಹೋಗಿ ಟ್ರ್ಯಾಕ್ಟರ್ ಬಂದ ಮೇಲೆ ಗಿರಾಕಿ ಕಡಿಮೆ, ಓದುವ ಹೊತ್ತು ಹೆಚ್ಚು. ಹೀಗಾಗಿ ಸಾಲಿಗೆಲ್ಲ ಈ ಈರಬಸಪ್ಪನೇ ಪಂಡಿತ. ಹಾಗೆಂದು ನಾನೇ ಹೇಳಿಕೊಳ್ಳುತ್ತಿದ್ದೆ. ಬೇರೆ ಯಾರೂ ಹೇಳುತ್ತಿರಲಿಲ್ಲ ಎಂಬುದು ತಡವಾಗಿ ತಿಳಿಯಿತು.

ನನ್ನ ಬಾಜೂಕ್ಕೆ ಕೂಡುವವಳು ಮಲ್ಲಕ್ಕ. ಕಡಕ್ ರೊಟ್ಟಿ, ನಾವು ಹಿಂಡಿ ಅನ್ನುವ ಗುರೆಳ್ಳ ಚಟ್ನಿಪುಡಿ ಅವಳ ವ್ಯಾಪಾರ. ಗಂಡ ತೀರಿಕೊಂಡ ವರ್ಷ ತಿರ್ಲಾಪುರದಿಂದ ಬುಟ್ಟಿ ಹೊತ್ತು ಬಂದವಳು, ಆ ಬುಟ್ಟಿಯಿಂದಲೇ ಮೂರು ಹೆಣ್ಣುಮಕ್ಕಳನ್ನು ದಡ ಮುಟ್ಟಿಸಿದಳು. ಅಕ್ಷರ ಬಾರದು. ಆಡುವುದು ಕಡಿಮೆ, ಆಡಿದರೆ ಹಿಂಡಿಗಿಂತ ಖಾರ. ಹಿಂದೆಲ್ಲ ಪುರಸಭೆಯ ಗಾಡಿ ಬಂತೆಂದರೆ ನಾವು ಗಂಟು ಕಟ್ಟಿ ಸಂದಿ ಹಿಡಿಯುತ್ತಿದ್ದೆವು. ಅವಳು ಮಾತ್ರ ಏಳುತ್ತಿರಲಿಲ್ಲ. ಕೇಳಿದರೆ, "ಬರ್ಲಿ ಬಿಡು, ಅವರೂ ರೊಟ್ಟಿ ತಿನ್ನೂ ಮಂದಿನ" ಎನ್ನುತ್ತಿದ್ದಳು.

ಬೀದಿ ವ್ಯಾಪಾರಿಗಳಿಗೆಂದು ಸರ್ಕಾರ ಕಾಯ್ದೆ ಮಾಡಿ ವರ್ಷಗಳಾಗಿದ್ದವು. ನಮ್ಮ ಸಾಲಿಗೆ ಸಮೀಕ್ಷೆ ಬರುವ ಸುದ್ದಿ ತಿಳಿದದ್ದೇ ನಾನು ಆ ಕಾಯ್ದೆಯ ಪುಸ್ತಕ ತರಿಸಿ ಮೂರು ಸಲ ಓದಿದೆ. ಎಲ್ಲರನ್ನೂ ಕೂಡಿಸಿ ಹೇಳಿದೆ: ಸಮೀಕ್ಷೆಯಲ್ಲಿ ಹೆಸರು ಬಂದವರಿಗೆ ಪ್ರಮಾಣಪತ್ರ, ಬರದವರು ನಾಳೆ ರಸ್ತೆ ಅಗಲ ಮಾಡುವಾಗ ಕೇಳಲು ಬಾಯಿಲ್ಲದವರು. ಆಮೇಲೆ ಚುನಾವಣೆ. ನಾವು ಆರಿಸಿದವರು ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಅಧಿಕಾರಿಗಳ ಸರಿಸಮ ಕೂಡುತ್ತಾರೆ. ಆ ಖುರ್ಚಿ ಯಾರದೆಂದು ನಾನು ಹೇಳಲಿಲ್ಲ. ಹುಬ್ಬಳ್ಳಿಯಿಂದ ತಲೆಗೆ ಸುತ್ತುವ ಹೊಸ ಪಟಕ ಮಾತ್ರ ತರಿಸಿಟ್ಟೆ.

ಸಮೀಕ್ಷೆಯ ದಿನ ನನ್ನ ಪಾಂಡಿತ್ಯ ಉಕ್ಕಿ ಹರಿಯಿತು. "ಬರೋ ಅಧಿಕಾರಿಗಳು ಅಂದ್ರ ಬೀಗರಿದ್ದಂಗ. ಬೀಗರು ಬರೋ ಹಾದ್ಯಾಗ ಗಂಟು, ಬುಟ್ಟಿ, ಗಾಡಿ ಇರಬಾರ್ದು. ಎಲ್ಲಾ ಎತ್ರಿ" ಎಂದೆ. ಹಾದಿ ಗುಡಿಸಿ, ನೀರು ಹೊಡೆಸಿ, ನನ್ನನ್ನೂ ಹಿಡಿದು ಮೂವತ್ತೇಳು ಮಂದಿಯನ್ನು ಮಾಲುಸಹಿತ ಹಿಂದಿನ ಬಸವಣ್ಣನ ಗುಡಿಯ ಅಂಗಳಕ್ಕೆ ಸಾಗಿಸಿದೆ.

ಮಲ್ಲಕ್ಕ ಏಳಲಿಲ್ಲ. "ಅಣ್ಣಾ, ಅವರು ಏನ್ ನೋಡಾಕ ಬರ್ತಾರ?"

"ನಮ್ಮ ವ್ಯಾಪಾರ."

"ಮತ್ತ ವ್ಯಾಪಾರ ಎತ್ತಿ ಇಟ್ರ ಏನ್ ನೋಡ್ತಾರ?"

"ಕಾಯ್ದೆ ನಿನಗೇನ್ ತಿಳೀತೈತಿ, ಸುಮ್ಮನಿರು" ಎಂದು ನಾನು ಗುಡಿಗೆ ಹೋದೆ. ಅಲ್ಲಿ ಹಾರ ಹಿಡಿದು ಸ್ವಾಗತ ಭಾಷಣದ ತಾಲೀಮಿನಲ್ಲಿ ಎರಡನೆಯ ಪುಟಕ್ಕೆ ಬಂದಿದ್ದಾಗ, ಹಾದಿ ಕಾಯಲು ನಿಲ್ಲಿಸಿದ್ದ ಬಾಳೆಹಣ್ಣಿನ ವ್ಯಾಪಾರಿ ಇಮಾಮುದ್ದೀನ ಓಡಿಬಂದ.

"ಕಾಕಾ, ಅವರು ಬಂದ್ರು, ನೋಡಿದ್ರು, ಹೊಂಟ್ರು."

ಹಾರದೊಂದಿಗೇ ಓಡಿದೆ. ಸಮೀಕ್ಷೆಗೆ ಬಂದ ಸುಧಾರಾಣಿ ಎಂಬ ಹುಡುಗಿ ಮೊಬೈಲು ಚೀಲಕ್ಕೆ ಹಾಕುತ್ತಿದ್ದಳು. "ಇಲ್ಲಿ ಒಬ್ಬರು ಮಾತ್ರ ವ್ಯಾಪಾರ ಮಾಡ್ತಾರಂತ ಬರ್ಕೊಂಡೀನ್ರಿ, ಅಜ್ಜಾರ."

"ಇನ್ನೂ ಮೂವತ್ತೇಳು ಮಂದಿ ಅದೀವಿ, ತಾಯಿ. ನಾನ ಎಬ್ಬಿಸೇನಿ."

"ಯಾಕ್ರಿ?"

ಮೂರು ಸಲ ಓದಿದ ಪುಸ್ತಕದಲ್ಲಿ ಆ ಪ್ರಶ್ನೆಗೆ ಉತ್ತರ ಇರಲಿಲ್ಲ.

"ಜಾಗ, ಮಾಲು, ಮನಷ್ಯಾ ಮೂರೂ ಒಂದ ಫೋಟೋದಾಗ ಬರಬೇಕ್ರಿ. ನಾ ಈಗ ಸ್ಟೇಷನ್ ರಸ್ತೆಕ್ಕ ಹೋಗಬೇಕು. ಪಟ್ಟಿ ಬಂದ ಮ್ಯಾಲ ತಕರಾರು ಅರ್ಜಿ ಕೊಡ್ರಿ" ಎಂದಳು ಅವಳು.

ಮೂವತ್ತೇಳು ಸಂಸಾರದ ಅನ್ನ ಅರ್ಜಿಯ ಮೇಲೆ ಜೋತುಬಿತ್ತು. ಆಗ ಮಲ್ಲಕ್ಕ ಒಂದು ರೊಟ್ಟಿಯ ಮೇಲೆ ಹಿಂಡಿ, ಎಣ್ಣೆ ಹಾಕಿ ಚಾಚಿದಳು. "ಮುಂಜಾನಿಂದ ತಿರಗ್ಯಾಡಿ ಮಾರಿ ಬಾಡೇತಿ. ಕೂಡವ್ವಾ. ಇದನ್ನ ತಿನ್ನೂದ್ರಾಗ ಗುಡ್ಯಾಗಿನ ಮಂದಿ ಬರ್ತಾರ. ಬರಲಿಲ್ಲಂದ್ರ ನೀ ನಡಿ."

ಹುಡುಗಿ ನಕ್ಕು ಕುಳಿತಳು, ನಾನು ಮಂದಿಯನ್ನು ಕರೆತರಲು ಗುಡಿಗೆ ಓಡಿದೆ. ಕಡಕ್ ರೊಟ್ಟಿಯನ್ನು ಅವಸರದಲ್ಲಿ ತಿನ್ನಲು ಬರುವುದಿಲ್ಲ. ಓಡಿಹೋಗುವುದರಲ್ಲಿ ಪಳಗಿದ ನಮ್ಮ ಮಂದಿ ಓಡಿಬರುವುದರಲ್ಲೂ ಕಡಿಮೆಯಿರಲಿಲ್ಲ. ಕೊನೆಯ ತುಂಡು ಅವಳ ಬಾಯಿಗೆ ಹೋಗುವಷ್ಟರಲ್ಲಿ ಗಾಡಿ, ಬುಟ್ಟಿ, ತಕ್ಕಡಿ ತಮ್ಮ ತಮ್ಮ ಜಾಗದಲ್ಲಿದ್ದವು. ಸುಧಾರಾಣಿ ಒಬ್ಬೊಬ್ಬರ ಫೋಟೋ ತೆಗೆಯುತ್ತ ಕಡೆಗೆ ನನ್ನ ಮುಂದೆ ನಿಂತಳು.

"ನಿಮ್ಮ ಮಾಲು ಎಲ್ಲೈತ್ರಿ?"

ಸಾಲಿನ ಮಂದಿಯನ್ನೆಲ್ಲ ಓಡಿಸಿ ತರುವ ಭರದಲ್ಲಿ ನನ್ನ ಗಂಟು ಗುಡಿಯಲ್ಲೇ ಉಳಿದಿತ್ತು. ಇಮಾಮುದ್ದೀನ ನಗುತ್ತಲೇ ತರಲು ಹೋದ.

"ತಡಿಯವ್ವಾ, ಇವನೂ ವ್ಯಾಪಾರಿನ. ಹಗ್ಗಕ್ಕಿಂತ ಮಾತು ಜಾಸ್ತಿ ಮಾರ್ತಾನ" ಎಂದಳು ಮಲ್ಲಕ್ಕ.

ಮೂವತ್ತೆಂಟನೆಯವನಾಗಿ ನನ್ನ ಹೆಸರು ಬಂತು.

ಸಮಿತಿಯ ಚುನಾವಣೆ ಬಂದಾಗ ನಾನು ಪಟಕ ಸುತ್ತಿಕೊಂಡೇ ಹೋದೆ. ಯಾರೂ ನನ್ನ ಕಡೆ ನೋಡಲಿಲ್ಲ. ಇಮಾಮುದ್ದೀನ ಮಲ್ಲಕ್ಕನ ಹೆಸರು ಹೇಳಿದ, ಎಲ್ಲರೂ ಹ್ಞೂಂ ಅಂದರು. "ನನಗ ಓದಾಕ ಬರೂದಿಲ್ಲಪಾ" ಎಂದಳು ಅವಳು. "ಓದಾಕ ನಾ ಅದೀನಲ್ಲ" ಎಂದು ನನ್ನ ಬಾಯಿ ನನ್ನನ್ನು ಕೇಳದೇ ಹೇಳಿಬಿಟ್ಟಿತು. ಅವಳ ಅರ್ಜಿಯನ್ನು ನಾನೇ ತುಂಬಿದೆ, ಅವಳು ಹೆಬ್ಬೆಟ್ಟು ಒತ್ತಿದಳು, ಎದುರು ನಿಲ್ಲುವವರಿಲ್ಲದೆ ಆರಿಸಿಬಂದಳು.

ಈಗ ಪ್ರತಿ ಸಭೆಯ ಮುಂಚೆ ನೋಟೀಸು ತಂದು ನನ್ನ ಮುಂದೆ ಹಿಡಿಯುತ್ತಾಳೆ. ನಾನು ಗಂಟಲು ಸರಿಮಾಡಿಕೊಂಡು ಓದುತ್ತೇನೆ. ಓದು ಮುಗಿಸಿ, "ಇದರ ಅರ್ಥ ಏನಂದ್ರ..." ಎನ್ನುವಷ್ಟರಲ್ಲಿ ಅವಳು ಕೈ ಎತ್ತುತ್ತಾಳೆ.

"ಓದಿದ್ದು ಸಾಕು, ಅಣ್ಣಾ. ಅರ್ಥ ನಾ ಮಾಡ್ಕೋತೀನಿ."